ಕೈಕೊಟ್ಟವರ ಮೇಲಿನ ಸೇಡು: ಒಂಟಿಕೊಪ್ಪಲಿನ ಒಂದು ಕೇಳುಕೂಟದ ವಿಮರ್ಶೆ

ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹಳೆಯ ಹೆಂಚಿನ ಮನೆಯೊಂದರ ಮಹಡಿಯ ಮೇಲೆ ತಿಂಗಳಿಗೊಂದು ಭಾನುವಾರ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಹಾಡು ಕೇಳಿಸುವ ಒಂದು ಕೂಟ ನಡೆಯುತ್ತದೆ. ನಡೆಸುವವರು ನಿವೃತ್ತ ದಂಪತಿ. ಇರುವುದೇ ಇಪ್ಪತ್ತನಾಲ್ಕು ಕುರ್ಚಿ, ಆದ್ದರಿಂದ ಬಲ್ಲವರಿಂದ ಕೇಳಿ ತಿಳಿದವರು ಬಂದರೆ ಸಾಕು ಎಂದು ಅವರು ಕೋರಿರುವ ಕಾರಣ ಹೆಸರು, ವಿಳಾಸಗಳನ್ನು ಇಲ್ಲಿ ಕೊಡುತ್ತಿಲ್ಲ. ತಲೆಗೆ 350 ರೂಪಾಯಿ ಪ್ರವೇಶ ಶುಲ್ಕ; ಅದರಲ್ಲಿ ಕಾಫಿ, ನಿಪ್ಪಟ್ಟು ಮತ್ತು ಆ ದಿನ ಕೇಳಿಸುವ ಹಾಡುಗಳ ಸಾರವನ್ನು ಕನ್ನಡದಲ್ಲಿ ಬರೆದ ಒಂದು ಕಿರುಹೊತ್ತಿಗೆ ಸೇರಿವೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರವನ್ನು ಆರಂಭಿಸಿ ಅದನ್ನು ಆಕಾಶವಾಣಿ ಎಂದು ಕರೆದ ಊರಿನಲ್ಲಿ, ಮನೆಯ ಮಹಡಿಯೊಂದು ಹೀಗೆ ಕೇಳುವ ಜಾಗವಾಗಿರುವುದು ನನಗೆ ತುಂಬ ಹಿತವೆನಿಸಿತು.

ಕಳೆದ ತಿಂಗಳ ವಿಷಯ ‘ಕೈಕೊಟ್ಟವರ ಮೇಲಿನ ಸೇಡು’. ನಾನು ಮಂಡ್ಯದಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ. ಗಂಡನ ಫೋನಿನಲ್ಲಿ ಏನನ್ನೋ ಕಂಡು ನಡುಗುತ್ತ ಬಂದ ಹೆಂಡತಿಯರೂ, ಹೆಂಡತಿಯ ಮೇಲೆ ಅನುಮಾನ ಹೊತ್ತು ಕಣ್ಣು ಕೆಂಪಾಗಿಸಿಕೊಂಡು ಬಂದ ಗಂಡಂದಿರೂ ನನ್ನ ಕಚೇರಿಯ ಅದೇ ಬೆಂಚಿನ ಮೇಲೆ ಕೂತು ಹೋಗಿದ್ದಾರೆ. ಅವರಲ್ಲಿ ಕೆಲವರು ತಮ್ಮ ಸಂಕಟವನ್ನು ಹೇಳಲು ಹಾಡಿನ ಸಾಲುಗಳನ್ನೇ ಬಳಸಿದ್ದನ್ನು ಕೇಳಿದ್ದೇನೆ. ಸೇಡಿನ ಮಾತನ್ನು ಜನ ಎಲ್ಲಿಂದ ಕಲಿಯುತ್ತಾರೆ ಎಂಬ ಪ್ರಶ್ನೆ ಬಹುಕಾಲದಿಂದ ನನ್ನಲ್ಲಿದ್ದುದರಿಂದಲೇ ಮಧ್ಯಾಹ್ನದ ರೈಲು ಹಿಡಿದು ಈ ಕೂಟಕ್ಕೆ ಹೋದೆ.

ಸೌಕರ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುರ್ಚಿಗಳು ಚೆನ್ನಾಗಿವೆ, ಗಾಳಿ ಬೆಳಕು ಸಾಕಷ್ಟಿದೆ, ಮೆಟ್ಟಿಲು ಮಾತ್ರ ಕಡಿದಾಗಿರುವುದರಿಂದ ಮಂಡಿನೋವಿನವರಿಗೆ ಕಷ್ಟ. ಧ್ವನಿವರ್ಧಕಗಳು ಹಳೆಯವು, ಆದರೆ ಹಾಡುವವರ ಕೊರಳನ್ನು ವಾದ್ಯಗಳು ನುಂಗದಂತೆ ಹೊಂದಿಸಿಟ್ಟಿದ್ದಾರೆ. ಮಾತನ್ನು ಆಲಿಸುವುದಕ್ಕೆಂದೇ ಸೇರಿದ ಕೂಟಕ್ಕೆ ಇದೇ ಬೇಕಾದದ್ದು. ಪ್ರತಿ ಹಾಡಿಗೂ ಮುನ್ನ ಮನೆಯ ಯಜಮಾನರು ಎರಡು ಮೂರು ನಿಮಿಷ ಹಿನ್ನೆಲೆ ಹೇಳುತ್ತಾರೆ. ಹಾಡು ಮುಗಿದ ಮೇಲೆ ಅವರ ಪತ್ನಿ ಕೂತವರಿಂದ ಅಭಿಪ್ರಾಯ ಕೇಳುತ್ತಾರೆ. ಯಾರೂ ಭಾಷಣ ಮಾಡುವುದಿಲ್ಲ.

ಸಂಜೆ ಆರಂಭವಾದದ್ದು ‘ಫ್ರಾಂಕಿ ಅಂಡ್ ಜಾನಿ’ ಎಂಬ ಹಳೆಯ ಅಮೆರಿಕನ್ ಲಾವಣಿಯಿಂದ. ತನ್ನವನು ಇನ್ನೊಬ್ಬಳ ಜೊತೆಗಿರುವುದನ್ನು ಕಂಡ ಫ್ರಾಂಕಿ ಅವನನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಅವನು ಅವಳವನಾಗಿದ್ದ, ಆದರೆ ಅವಳಿಗೆ ಅನ್ಯಾಯ ಮಾಡಿದ ಎಂಬ ಅರ್ಥದ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಈ ಹಾಡಿನ ಹಿಂದಿದೆಯೆಂದು ಹೇಳಲಾಗುವ ನಿಜ ಪ್ರಸಂಗವನ್ನು ಯಜಮಾನರು ವಿವರಿಸಿದ ರೀತಿಗಾಗಿಯೇ ನಾನು ಕೊಟ್ಟ 350 ರೂಪಾಯಿ ಸಾರ್ಥಕವಾಯಿತು. 1899ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಫ್ರಾಂಕಿ ಬೇಕರ್ ಎಂಬ ಕಪ್ಪು ಯುವತಿ ತನ್ನ ಸಂಗಾತಿ ಅಲೆನ್ ಬ್ರಿಟ್ ಎಂಬವನಿಗೆ ಗುಂಡು ಹಾರಿಸಿದ್ದು ನಿಜ. ಆದರೆ ಅವನು ಚಾಕು ಹಿಡಿದು ಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಹಾಗೆ ಮಾಡಿದೆನೆಂದು ಆಕೆ ನ್ಯಾಯಾಲಯದಲ್ಲಿ ಹೇಳಿದಳು, ನ್ಯಾಯಾಲಯ ಆಕೆಯನ್ನು ಬಿಡುಗಡೆ ಮಾಡಿತು. ಹಾಡು ಆ ತೀರ್ಪನ್ನು ಒಪ್ಪಲಿಲ್ಲ. ಊರೂರು ತಿರುಗಿ, ನೂರಾರು ಬಾಯಿ ದಾಟಿ, ಆತ್ಮರಕ್ಷಣೆಯನ್ನು ಹೊಟ್ಟೆಕಿಚ್ಚಿನ ಸೇಡಾಗಿ ಮಾರ್ಪಡಿಸಿತು; ಕೆಲವು ಪಾಠಾಂತರಗಳಲ್ಲಂತೂ ಬಿಡುಗಡೆಯಾಗಿದ್ದವಳಿಗೆ ಮರಣದಂಡನೆಯನ್ನೂ ಕೊಡಿಸಿತು. ಆಕೆ ಊರು ಬಿಟ್ಟು ದೂರದ ಒರೆಗಾನ್ ರಾಜ್ಯಕ್ಕೆ ಹೋಗಿ ನೆಲೆಸಿದರೂ ಹಾಡು ಹಿಂದೆಯೇ ಹೋಯಿತು. ತನ್ನ ಬದುಕನ್ನು ಬಳಸಿಕೊಂಡ ಸಿನಿಮಾ ಕಂಪನಿಯ ಮೇಲೆ ಆಕೆ ದಾವೆ ಹೂಡಿ ಸೋತಳು. 1952ರಲ್ಲಿ ತೀರಿಕೊಂಡಳು.

ಇದನ್ನು ಕೇಳಿದ ಮೇಲೆ ಅದೇ ಹಾಡನ್ನು ಇನ್ನೊಮ್ಮೆ ಹಾಕಿದರು. ಮೊದಲ ಸಲ ಕಾಲು ತಾಳ ಹಾಕಿದ್ದವರು ಎರಡನೆಯ ಸಲ ಹಾಕಲಿಲ್ಲ. ಒಂದು ಹಾಡನ್ನು ಹೀಗೆ ಎರಡು ಬಾರಿ ಕೇಳಿಸುವ ಈ ಕ್ರಮ ಕೂಟದ ಅತ್ಯುತ್ತಮ ಗುಣವೆಂದು ನನ್ನ ಅಭಿಪ್ರಾಯ, ಏಕೆಂದರೆ ಸೇಡಿನ ಹಾಡಿನಲ್ಲಿ ಸಾಕ್ಷಿ ಹೇಳುವವರು ಒಂದೇ ಕಡೆಯವರು ಎಂಬುದು ಮೊದಲ ಬಾರಿ ಕೇಳುವಾಗ ಮನಸ್ಸಿಗೆ ಬರುವುದೇ ಇಲ್ಲ. ರಾಗ ನಮ್ಮನ್ನು ಹೇಳುವವರ ಪಕ್ಷಕ್ಕೆ ಎಳೆದುಕೊಂಡಿರುತ್ತದೆ.

ಎರಡನೆಯದು 1968ರಲ್ಲಿ ಟಾಮ್ ಜೋನ್ಸ್ ಹಾಡಿದ ‘ಡಿಲೈಲಾ’. ನನ್ನ ಪಾಲಿಗೆ ಸಂಜೆಯ ಅತ್ಯಂತ ಭಾರವಾದ ಭಾಗ ಇದೇ. ಒಬ್ಬ ಗಂಡಸು ರಾತ್ರಿ ಕಿಟಕಿಯ ಪರದೆಯ ಮೇಲೆ ತನ್ನವಳ ಮತ್ತು ಪರಪುರುಷನ ನೆರಳುಗಳನ್ನು ಕಾಣುತ್ತಾನೆ; ಬೆಳಗಾಗಿ ಆ ಮನುಷ್ಯ ಗಾಡಿಯಲ್ಲಿ ಹೊರಟುಹೋಗುವವರೆಗೆ ಕಾಯುತ್ತಾನೆ; ಆಮೇಲೆ ರಸ್ತೆ ದಾಟಿ ಬಾಗಿಲು ತಟ್ಟುತ್ತಾನೆ, ಅವಳು ನಗುತ್ತಾಳೆ, ಅವನ ಕೈಯಲ್ಲಿ ಚಾಕು ಇರುತ್ತದೆ. ಪಲ್ಲವಿ ಎಷ್ಟು ಕಂಠ ಬಿಚ್ಚಿ ಹಾಡುವಂಥದ್ದೆಂದರೆ ವೇಲ್ಸ್ ದೇಶದ ರಗ್ಬಿ ಕ್ರೀಡಾಂಗಣದಲ್ಲಿ ಸಾವಿರಾರು ಮಂದಿ ಅದನ್ನು ಒಟ್ಟಾಗಿ ಹಾಡುವುದು ವಾಡಿಕೆಯಾಗಿತ್ತು. 2023ರಲ್ಲಿ ಅಲ್ಲಿನ ರಗ್ಬಿ ಒಕ್ಕೂಟ ತನ್ನ ಗಾಯಕವೃಂದಗಳು ಅದನ್ನು ಹಾಡಬಾರದೆಂದು ಹೇಳಿದಾಗ ದೊಡ್ಡ ಚರ್ಚೆಯಾಯಿತು.

ಹಾಡು ಮುಗಿದಾಗ ಕೆಲವರು ಪಾಪ, ಅವನು ಮೋಸ ಹೋದ, ಆ ಕ್ಷಣ ಕೈ ಮೀರಿತು ಎಂದರು. ನಾನು ಎದ್ದು ಮಾತಾಡಬೇಕಾಯಿತು. ‘ಆ ಕ್ಷಣ’ ಎಂಬ ಮಾತು ನಮ್ಮ ಕಾನೂನಿನಲ್ಲೂ ಇದೆ. ಹಠಾತ್ತಾದ, ಗಂಭೀರವಾದ ಪ್ರಚೋದನೆಯಿಂದ ಮನುಷ್ಯ ತನ್ನ ಮೇಲಿನ ಹಿಡಿತ ಕಳೆದುಕೊಂಡು ಕೊಂದರೆ ಅದು ಕೊಲೆಯ ಅಪರಾಧದ ಮಟ್ಟದಿಂದ ಕೆಳಗಿಳಿಯಬಹುದೆಂದು ಹಳೆಯ ಭಾರತೀಯ ದಂಡ ಸಂಹಿತೆಯ 300ನೆಯ ಕಲಮಿನ ಮೊದಲ ಅಪವಾದ ಹೇಳುತ್ತಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 101ನೆಯ ಕಲಮೂ ಅದನ್ನೇ ಹೇಳುತ್ತದೆ. ಆದರೆ ಹಠಾತ್ತು ಎಂದರೆ ಹಠಾತ್ತೇ ಆಗಿರಬೇಕು. ಮುಂಬಯಿಯ ನಾನಾವತಿ ಪ್ರಕರಣದಲ್ಲಿ ನೌಕಾಪಡೆಯ ಅಧಿಕಾರಿ ಹೆಂಡತಿಯ ಬಾಯಿಂದಲೇ ಆಕೆಯ ಪರಸಂಬಂಧದ ವಿಷಯ ತಿಳಿದ ಮೇಲೆ ಆಕೆಯನ್ನೂ ಮಕ್ಕಳನ್ನೂ ಸಿನಿಮಾ ಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತೆಗೆದುಕೊಂಡು, ಆಮೇಲೆ ಆಕೆಯ ಪ್ರಿಯಕರನಿಗೆ ಗುಂಡು ಹಾರಿಸಿದ್ದ. ನಡುವೆ ಕಳೆದ ಸುಮಾರು ಮೂರು ಗಂಟೆ ಮನಸ್ಸು ಹತೋಟಿಗೆ ಬರಲು ಸಾಕಾಗುವ ಸಮಯವೆಂದು ಸುಪ್ರೀಂ ಕೋರ್ಟ್ 1961ರಲ್ಲಿ ಹೇಳಿ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಡಿಲೈಲಾಳ ಪ್ರಿಯಕರ ಇಡೀ ರಾತ್ರಿ ಕಾದಿದ್ದಾನೆ. ಕಾಯುವಾಗ ಅವನಿಗೆ ಬುದ್ಧಿ ಇತ್ತು; ಎದುರಾಳಿ ಗಂಡಸು ಹೊರಟುಹೋದ ಮೇಲೆ, ಅವಳು ಒಂಟಿಯಾದ ಮೇಲೆ ಬಾಗಿಲು ತಟ್ಟುವಷ್ಟು ಲೆಕ್ಕಾಚಾರವೂ ಇತ್ತು.

ಇದನ್ನು ಹೇಳಿ ಕುಳಿತಾಗ ನನ್ನ ಪಕ್ಕದಲ್ಲಿದ್ದ, ಪಾಂಡವಪುರದ ಕಡೆಯವರಂತೆ ಮಾತಾಡುತ್ತಿದ್ದ ಹಿರಿಯ ಹೆಂಗಸೊಬ್ಬರು, ‘ಅದಿರ್ಲಿ ಕಣವ್ವ, ಆ ಹೆಣ್ಣು ಯಾಕ್ ನಕ್ಕಳು ಅಂತ ಹಾಡ್ನಾಗೆ ಎಲ್ಲೂ ಇಲ್ವಲ್ಲ’ ಎಂದರು. ನಾನು ಕಲಮುಗಳನ್ನು ಹಿಡಿದು ಹೇಳಿದ್ದಕ್ಕಿಂತ ಈ ಮಾತು ದೊಡ್ಡದು. ಹೆದರಿಕೆಗೂ ನಗುವವರುಂಟು, ಸಮಾಧಾನಪಡಿಸಲೂ ನಗುವವರುಂಟು. ಅವನ ಕಣ್ಣಿಗೆ ಕಂಡ ನಗು ಮಾತ್ರ ಹಾಡಿನಲ್ಲಿ ಉಳಿದಿದೆ, ನಕ್ಕವಳು ಉಳಿದಿಲ್ಲ. ‘ಶೀಲ ಶಂಕಿಸಿ ಪತ್ನಿಯ ಹತ್ಯೆ’ ಎಂಬ ತಲೆಬರಹವನ್ನು ನಮ್ಮ ಪತ್ರಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಕಾಣುವ ಕೊರತೆಯೂ ಇದೇ: ಶಂಕೆ ಯಾರದೆಂದು ಗೊತ್ತಾಗುತ್ತದೆ, ಸತ್ತವಳು ಏನು ಹೇಳುತ್ತಿದ್ದಳೆಂದು ಗೊತ್ತಾಗುವುದಿಲ್ಲ.

ಕಾಫಿಯ ಬಿಡುವಿನ ನಂತರ ಹೆಂಗಸರ ಸೇಡಿನ ಹಾಡುಗಳು ಬಂದವು. ಕ್ಯಾರಿ ಅಂಡರ್‌ವುಡ್ ಅವರ 2005ರ ಮೊದಲ ಆಲ್ಬಮ್‌ನಲ್ಲಿರುವ ‘ಬಿಫೋರ್ ಹೀ ಚೀಟ್ಸ್’ ಹಾಡಿನಲ್ಲಿ ಮೋಸಹೋದ ಹುಡುಗಿ ಅವನ ದುಬಾರಿ ವಾಹನದ ಮೈಯನ್ನು ಕೀಲಿಕೈಯಿಂದ ಗೀಚುತ್ತಾಳೆ, ಚರ್ಮದ ಸೀಟಿನ ಮೇಲೆ ತನ್ನ ಹೆಸರು ಕೆತ್ತುತ್ತಾಳೆ, ಬೇಸ್‌ಬಾಲ್ ಬ್ಯಾಟಿನಿಂದ ದೀಪಗಳನ್ನು ಒಡೆಯುತ್ತಾಳೆ, ನಾಲ್ಕೂ ಟೈರುಗಳನ್ನು ಸೀಳುತ್ತಾಳೆ. ಇಲ್ಲಿ ಪೆಟ್ಟು ಬೀಳುವುದು ಮೈಗಲ್ಲ, ಸ್ವತ್ತಿಗೆ. ನಮ್ಮಲ್ಲಿ ಇದು ಬೇಕೆಂದೇ ಹಾನಿ ಮಾಡಿದ ಅಪರಾಧ, ನ್ಯಾಯ ಸಂಹಿತೆಯ 324ನೆಯ ಕಲಮಿಗೆ ಬರುತ್ತದೆ. ಆದರೂ ಚಾಕುವಿಗೂ ಇದಕ್ಕೂ ಇರುವ ಅಂತರವನ್ನು ಮರೆಯುವ ಹಾಗಿಲ್ಲ. ಟೈರನ್ನು ಮತ್ತೆ ಹಾಕಿಸಬಹುದು.

ಕಿರುಹೊತ್ತಿಗೆಯ ದೊಡ್ಡ ಲೋಪ ನನಗೆ ಕಂಡದ್ದು ಈ ಹಾಡಿನಲ್ಲಿ. ಮೂಲದಲ್ಲಿ ಹುಡುಗಿ ತನ್ನವನು ಈಗ ಬೇರೊಬ್ಬಳ ಜೊತೆ ಕುಣಿಯುತ್ತಿದ್ದಾನೆಂದು ಖಚಿತವಾಗಿ ಹೇಳುವುದೇ ಇಲ್ಲ. ‘ಬಹುಶಃ’ ಎಂಬ ಪದವನ್ನು ಸಾಲುಸಾಲಿಗೂ ಇಡುತ್ತಾಳೆ. ಅವಳು ಅಲ್ಲಿಲ್ಲ, ಕಾಣುತ್ತಿಲ್ಲ, ಊಹಿಸುತ್ತಿದ್ದಾಳೆ. ಹಾಡಿನ ನೋವೆಲ್ಲ ಆ ಊಹೆಯಲ್ಲಿದೆ. ಅನುವಾದದಲ್ಲಿ ಆ ಪದವನ್ನು ಪೂರ್ತಿ ಬಿಟ್ಟು ‘ಕುಣಿಯುತ್ತಿದ್ದಾನೆ, ಕುಡಿಸುತ್ತಿದ್ದಾನೆ’ ಎಂದು ಬರೆದಿದ್ದಾರೆ. ‘ಕುಣಿಯುತ್ತಿರಬೇಕು’ ಎಂದು ಬರೆಯಬಹುದಿತ್ತು. ‘ಕುಣಿದಾನು, ಕುಡಿಸಿಯಾನು’ ಎಂಬ ಸಂಭಾವನಾರ್ಥಕ ರೂಪವೇ ಕನ್ನಡದಲ್ಲಿದೆ, ಊಹೆಯನ್ನು ಹೇಳಲು ಇಷ್ಟು ಚೆಂದದ ಕ್ರಿಯಾಪದ ಇರುವ ಭಾಷೆಯಲ್ಲಿ ಊಹೆಯನ್ನು ಸಂಗತಿಯಾಗಿಸುವುದು ತಪ್ಪು. ನನ್ನ ಮುಂದೆ ಬರುವ ಅರ್ಧಕ್ಕರ್ಧ ಮೊಕದ್ದಮೆಗಳಲ್ಲಿ ಜಗಳವೆಲ್ಲ ‘ಇದ್ದಾನೆ’ ಮತ್ತು ‘ಇರಬೇಕು’ ಎಂಬ ಎರಡು ಪದಗಳ ನಡುವೆಯೇ ನಡೆಯುವುದರಿಂದ ಈ ಲೋಪವನ್ನು ಸಣ್ಣದೆಂದು ಬಿಡಲು ನನಗೆ ಸಾಧ್ಯವಾಗಲಿಲ್ಲ. ಅನುವಾದ ಮಾಡಿದ ಯಜಮಾನರು ಒಪ್ಪಿಕೊಂಡು ನನ್ನ ಪ್ರತಿಯ ಮೇಲೆಯೇ ತಿದ್ದುಪಡಿ ಗುರುತು ಹಾಕಿಸಿಕೊಂಡರು.

ಆಮೇಲಿನ ಹಾಡುಗಳನ್ನು ಆಯ್ದ ಕ್ರಮ ಚೆನ್ನಾಗಿತ್ತು. ಬಿಯಾನ್ಸೆ 2006ರಲ್ಲಿ ಹಾಡಿದ ‘ಇರಿಪ್ಲೇಸಬಲ್’ನಲ್ಲಿ ಹೆಣ್ಣು ಏನನ್ನೂ ಒಡೆಯುವುದಿಲ್ಲ, ಅವನ ಸಾಮಾನನ್ನು ಪೆಟ್ಟಿಗೆಯಲ್ಲಿ ತುಂಬಿ ಎಡಗಡೆಗೆ ಇಟ್ಟಿದ್ದೇನೆ, ತೆಗೆದುಕೊಂಡು ಹೋಗು ಎನ್ನುತ್ತಾಳೆ. ಯಾವುದು ಅವನದು, ಯಾವುದು ತನ್ನದು ಎಂಬ ಲೆಕ್ಕ ಅವಳಿಗೆ ಸ್ಪಷ್ಟವಾಗಿದೆ. 2023ರ ಜನವರಿಯಲ್ಲಿ ಗಾಯಕಿ ಷಕೀರಾ ಅರ್ಜೆಂಟೀನಾದ ಸಂಗೀತ ನಿರ್ಮಾಪಕ ಬಿಸಾರಾಪ್ ಜೊತೆ ಬಿಡುಗಡೆ ಮಾಡಿದ ಸ್ಪ್ಯಾನಿಷ್ ಹಾಡಿನಲ್ಲಿ ಸೇಡು ಇನ್ನೂ ಮುಂದೆ ಹೋಗಿ ಪೂರ್ತಿ ಮಾತಿನದೇ ಆಗಿದೆ. ನೀನು ಫೆರಾರಿ ಕೊಟ್ಟು ಟ್ವಿಂಗೊ ಎಂಬ ಅಗ್ಗದ ಕಾರು ತೆಗೆದುಕೊಂಡೆ, ರೋಲೆಕ್ಸ್ ಕೊಟ್ಟು ಅಗ್ಗದ ಕ್ಯಾಸಿಯೊ ಗಡಿಯಾರ ತೆಗೆದುಕೊಂಡೆ ಎಂದು ಬಿಟ್ಟುಹೋದವನಿಗೆ ಹೇಳಿ, ಹೆಂಗಸರು ಇನ್ನು ಅಳುವುದಿಲ್ಲ, ದುಡ್ಡು ಎಣಿಸುತ್ತಾರೆ ಎಂಬ ಅರ್ಥದ ಸಾಲನ್ನು ಸೇರಿಸುತ್ತಾಳೆ. ಆ ಹಾಡಿಗೆ ಅದೇ ವರ್ಷ ಲ್ಯಾಟಿನ್ ಗ್ರ್ಯಾಮಿಯಲ್ಲಿ ವರ್ಷದ ಹಾಡು ಪ್ರಶಸ್ತಿ ಬಂತು. ನನಗೆ ಇದರಲ್ಲಿ ಒಂದು ಅಸಮಾಧಾನವಿದೆ, ಅದನ್ನು ಕೂಟದಲ್ಲೂ ಹೇಳಿದೆ: ಗಡಿಯಾರ, ಕಾರುಗಳ ಹೋಲಿಕೆಯಲ್ಲಿ ಅಗ್ಗವಾಗುವುದು ಬಿಟ್ಟುಹೋದ ಗಂಡಸಲ್ಲ, ಅವನು ಸೇರಿದ ಇನ್ನೊಬ್ಬ ಹೆಣ್ಣು. 1973ರಲ್ಲಿ ಡಾಲಿ ಪಾರ್ಟನ್ ಹಾಡಿದ ‘ಜೋಲೀನ್’ನಲ್ಲಿ ಹೆಣ್ಣು ಇನ್ನೊಬ್ಬಳನ್ನು ಬೇಡಿಕೊಳ್ಳುತ್ತಾಳೆ, 2024ರಲ್ಲಿ ಬಿಯಾನ್ಸೆ ಅದನ್ನೇ ಹಾಡಿದಾಗ ಬೇಡಿಕೆ ಎಚ್ಚರಿಕೆಯಾಗಿ ಬದಲಾಗಿದೆ. ಎರಡರಲ್ಲೂ ಗಂಡಸು ಸುಮ್ಮನೆ ಪಕ್ಕದಲ್ಲಿ ನಿಂತಿರುತ್ತಾನೆ. ನಮ್ಮ ಹಳ್ಳಿಗಳ ಸವತಿ ಜಗಳದಲ್ಲೂ ಪರಸ್ಪರ ಜುಟ್ಟು ಹಿಡಿಯುವವರು ಹೆಂಗಸರೇ, ಜಗುಲಿಯ ಮೇಲೆ ಕೂರುವವನು ಗಂಡಸೇ.

ಕನ್ನಡದ ಭಾಗ ನಿರಾಸೆ ತಂದಿತು. ಎರಡು ಭಗ್ನಪ್ರೇಮದ ಸಿನಿಮಾ ಹಾಡುಗಳನ್ನು ಅವಸರದಲ್ಲಿ ಹಾಕಿ ಮುಗಿಸಿದರು. ನಮ್ಮ ಸಿನಿಮಾ ಹಾಡುಗಳಲ್ಲಿ ಕೈಕೊಟ್ಟವಳಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಿಗುತ್ತದೆ: ‘ಎಲ್ಲಿದ್ದರೂ ಚೆನ್ನಾಗಿರು’ ಎಂಬ ಹರಕೆ, ಇಲ್ಲವೇ ಹೆಣ್ಣುಜಾತಿಗೇ ಸೇರಿಸಿ ಹಾಕಿದ ಹಿಡಿಶಾಪ. ಎರಡರಲ್ಲೂ ಹಾಡುವವನು ಗಂಡಸೇ. ನಿಜಜೀವನದಲ್ಲಿ ಮೋಸಹೋದ ಹೆಂಗಸು ಬೀದಿಯಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕಿದ್ದನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಎಲ್ಲರೂ ಕಂಡಿದ್ದಾರೆ. ಆ ದನಿ ಸಿನಿಮಾ ಹಾಡಿಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಯನ್ನಾದರೂ ಕೂಟ ಎತ್ತಬೇಕಿತ್ತು.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಈ ವಿಷಯದಲ್ಲಿ ನಮ್ಮ ಸಾಹಿತ್ಯ ಬಡವಲ್ಲ. ಜನ್ನನ ‘ಯಶೋಧರ ಚರಿತೆ’ಗೆ ಎಂಟುನೂರು ವರ್ಷ ದಾಟಿದೆ, ಅದು 1209ರ ಕೃತಿ. ಅಲ್ಲಿ ರಾಣಿ ಅಮೃತಮತಿ ಮನಸೋಲುವುದೇ ಒಂದು ಹಾಡಿಗೆ, ಮಾವುತನ ಕೊರಳಿಗೆ. ಅವರಿಬ್ಬರನ್ನು ಕಣ್ಣಾರೆ ಕಂಡ ಅರಸ ಕತ್ತಿ ಎತ್ತಿ, ತನ್ನನ್ನು ತಾನೇ ತಡೆದುಕೊಂಡು ಹಿಂದಿರುಗುತ್ತಾನೆ. ಊಹೆಯಲ್ಲ, ಕಣ್ಣೆದುರಿನ ಪ್ರಚೋದನೆ. ಆದರೂ ಕೈ ನಿಲ್ಲುತ್ತದೆ. ಡಿಲೈಲಾ ಕೇಳಿಸಿದ ಕೂಡಲೇ ಈ ಪ್ರಸಂಗದ ಹತ್ತು ಪದ್ಯಗಳನ್ನು ಯಾರಾದರೂ ಗಮಕದಲ್ಲಿ ಓದಿದ್ದರೆ ಸಂಜೆಯ ಮಾತುಕತೆಯೇ ಬೇರೆ ದಿಕ್ಕು ಹಿಡಿಯುತ್ತಿತ್ತು.

ಮತ್ತೆ ಸಂಕಮ್ಮ. ಮಲೆಯ ಮಾದೇಶ್ವರನ ಕಾವ್ಯದಲ್ಲಿ ಬರುವ ‘ಸಂಕಮ್ಮನ ಸಾಲು’ ಎಂಬ ಕಥಾಭಾಗವನ್ನು ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ, ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರು ಕಂಸಾಳೆ ಎಂಬ ತಾಳ ಹಿಡಿದು ಇಂದಿಗೂ ಹಾಡುತ್ತಾರೆ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅನುಮಾನದಿಂದ ಅವನು ಕೊಡುವ ಹಿಂಸೆಯನ್ನು ಕಾವ್ಯ ಮುಚ್ಚಿಡದೆ ಹೇಳುತ್ತದೆ. ಅವಳ ಮೊರೆಗೆ ಮಾದಪ್ಪ ಓಗೊಡುತ್ತಾನೆ. ಇಲ್ಲಿ ದ್ರೋಹ ನಡೆದೇ ಇಲ್ಲ, ದಂಡನೆ ಮಾತ್ರ ನಡೆದಿದೆ. ಇಡೀ ಸಂಜೆ ಕೇಳಿದ ಹಾಡುಗಳಲ್ಲಿ ಯಾವುದಕ್ಕೂ ಇಲ್ಲದ ಗುಣ ಇದಕ್ಕಿದೆ, ಆಪಾದನೆ ಹೊತ್ತವಳೇ ಇಲ್ಲಿ ಗಂಟೆಗಟ್ಟಲೆ ಮಾತಾಡುತ್ತಾಳೆ, ಅಳುತ್ತಾಳೆ, ಮರುಪ್ರಶ್ನೆ ಹಾಕುತ್ತಾಳೆ. ಫ್ರಾಂಕಿ ಬೇಕರ್ ಹಾಡಿನಲ್ಲಿ ಕಳೆದುಕೊಂಡದ್ದನ್ನು, ಡಿಲೈಲಾಳಿಗೆ ಎಂದೂ ಸಿಗದಿದ್ದನ್ನು ನಮ್ಮ ಗುಡ್ಡರು ಸಂಕಮ್ಮನಿಗೆ ಕೊಟ್ಟಿದ್ದಾರೆ. ಒಂಟಿಕೊಪ್ಪಲಿನಲ್ಲಿ ಕೂತು ಸೇಂಟ್ ಲೂಯಿಸ್‌ವರೆಗೆ ಹೋಗಿ ಬಂದ ಕೂಟ ಇಷ್ಟು ಹತ್ತಿರದ ಈ ಹಾಡನ್ನು ಬಿಟ್ಟದ್ದಕ್ಕೆ ನನಗೆ ನಿಜವಾಗಿ ನೋವಾಯಿತು.

ಇದನ್ನು ಯಜಮಾನರ ಪತ್ನಿಗೆ ಹೇಳಿದಾಗ ಅವರು ಬೇಸರಿಸಿಕೊಳ್ಳಲಿಲ್ಲ. ‘ನಮಗೆ ರೆಕಾರ್ಡು ಇದ್ದದ್ದು ಮಾತ್ರ ಕಣ್ಣಿಗೆ ಬಿತ್ತು ಮೇಡಂ, ಕಂಸಾಳೆಯವರನ್ನು ಕರೆಸುವ ಯೋಚನೆಯೇ ಬರಲಿಲ್ಲ’ ಎಂದರು. ಆ ಪಾಂಡವಪುರದ ಅಮ್ಮ ತಮ್ಮ ನೆಂಟರ ಊರಿನಲ್ಲಿ ಹಾಡುವವರಿದ್ದಾರೆ, ಹೇಳಿ ಕಳಿಸುತ್ತೇನೆ ಎಂದರು. ಕಂಸಾಳೆಯವರು ಬರುವುದಾದರೆ ಅವರ ಗೌರವಧನಕ್ಕಾಗಿ ಪ್ರವೇಶ ಶುಲ್ಕವನ್ನು 500ಕ್ಕೆ ಏರಿಸಬೇಕಾದೀತೆಂಬ ಮಾತೂ ಬಂತು. ಅಷ್ಟು ಕೊಡಲು ನಾನು ಸಿದ್ಧಳಿದ್ದೇನೆ.

ಹೋಗಬೇಕೆನ್ನುವವರಿಗೆ ಇನ್ನೆರಡು ಮಾತು. ಹದಿಹರೆಯದ ಮಕ್ಕಳನ್ನು ಜೊತೆಗೆ ಕರೆದೊಯ್ಯಬಹುದು, ಕರೆದೊಯ್ಯಬೇಕು ಎಂದೇ ಹೇಳುತ್ತೇನೆ. ಈ ಹಾಡುಗಳನ್ನು ಅವರು ಹೇಗೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂಟಿಯಾಗಿ ಕೇಳುತ್ತಿರುತ್ತಾರೆ. ಆದರೆ ಮನೆಯಲ್ಲಿ ಇಂಥ ಪೆಟ್ಟು ಈಚೆಗೆ ತಿಂದವರು ಮೊದಲೇ ವಿಷಯ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಅಂದು ಮೂರನೆಯ ಸಾಲಿನಲ್ಲಿದ್ದ ಒಬ್ಬ ಯುವತಿ ಡಿಲೈಲಾ ನಡೆಯುವಾಗಲೇ ಎದ್ದು ಹೊರಗೆ ಹೋದಳು. ಮನೆಯವರು ಅವಳ ಹಿಂದೆ ಹೋಗಿ, ಕೆಳಗಿನ ಹಜಾರದಲ್ಲಿ ಕೂರಿಸಿ, ನೀರು ಕೊಟ್ಟು, ಮಾತಾಡಿಸದೆ ಜೊತೆಗಿದ್ದರು. ಮುಂದಿನ ಸಲದಿಂದ ಕೊಲೆಯ ಪ್ರಸಂಗವಿರುವ ಹಾಡಿಗೆ ಮುನ್ನ ಹೇಳಿಯೇ ಹಾಕುತ್ತೇವೆಂದು ಆಮೇಲೆ ಎಲ್ಲರೆದುರು ಒಪ್ಪಿಕೊಂಡರು.

ಏಳು ಗಂಟೆಗೆ ಮುಗಿಯಬೇಕಾದದ್ದು ಮುಗಿದಾಗ ಏಳೂಮುಕ್ಕಾಲು. ಹೊರಡುವಾಗ ಕಂಸಾಳೆಯ ಸಂಜೆಗೆ ಎರಡು ಕುರ್ಚಿ ಬರೆಸಿದೆ, ನನಗೊಂದು, ನನ್ನ ಕಿರಿಯ ಸಹೋದ್ಯೋಗಿಗೊಂದು. ಅಂದು ನೆಲಕ್ಕೆ ಜಮಖಾನೆ ಹಾಸುತ್ತೇವೆ, ಧ್ವನಿವರ್ಧಕ ಇರುವುದಿಲ್ಲ ಎಂದು ಮನೆಯವರು ಹೇಳಿದ್ದಾರೆ.